ಬಿಳಿಯಾಗಿ ಉಳಿಯಬೇಕಿದ್ದ ಬೇರು

"ಇದು ಯಾಕೆ ಕೆಂಪಗಿದೆ?"

ಇನ್‌ಸ್ಪೆಕ್ಟರಮ್ಮ ಗಾಜಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, ತೋರುಬೆರಳಿನಿಂದ ಮೆಲ್ಲಗೆ ಅಕ್ಕನ ಕಡೆಗೆ ತಳ್ಳಿದಳು.

ಅಕ್ಕ ತಟ್ಟೆಯನ್ನು ನೋಡಲಿಲ್ಲ. ಕಿಟಕಿಯ ಆಚೆ ನೋಡಿದಳು.

"ಯಾವುದು?"

"ಬೇರು. ಮೊಳಕೆಯ ಬೇರು ಬೆಳ್ಳಗಿರುತ್ತೆ ಅನ್ನೋದು ನನಗೂ ಗೊತ್ತು. ಇವು ಇಟ್ಟಿಗೆ ಪುಡಿಯಲ್ಲಿ ಅದ್ದಿ ತೆಗೆದ ಹಾಗಿವೆ. ಬೆಳೆದೂ ಇಲ್ಲ, ಅಲ್ಲಲ್ಲೇ ಮುರುಟಿಕೊಂಡಿವೆ."

ನಿನ್ನೆ ಮಧ್ಯಾಹ್ನ ಈ ಸಸ್ಯ ಪ್ರಯೋಗಾಲಯದ ಗಿಡಕೋಣೆಯಲ್ಲಿ ಅಕ್ಕನ ಒಡಹುಟ್ಟಿದ ತಂಗಿ ಪ್ರಜ್ಞೆತಪ್ಪಿ ಬಿದ್ದಿದ್ದಳು. ಗಿಡಗಳಿಗೆಂದು ಹದವಾಗಿ ಬಿಡುವ ಇಂಗಾಲದ ಅನಿಲವನ್ನು ಯಾರೋ ಪೂರ್ತಿ ತಿರುಗಿಸಿ, ಎಚ್ಚರಿಕೆಯ ಗಂಟೆಯ ತಂತಿ ಕಿತ್ತು, ಹೊರಗಿನಿಂದ ಚಿಲಕ ಜಡಿದಿದ್ದರು. ಕಸ ಗುಡಿಸುವಾಕೆ ಆ ಕಡೆ ಹೋಗದಿದ್ದರೆ ಅಲ್ಲಿಗೇ ಮುಗಿದಿತ್ತು. ಈಗ ಆಸ್ಪತ್ರೆಯಲ್ಲಿ ಅವಳಿಗೆ ಉಸಿರಿದೆ, ಎಚ್ಚರವಿಲ್ಲ.

ಇನ್‌ಸ್ಪೆಕ್ಟರಮ್ಮನಿಗೆ ಠಾಣೆಯಲ್ಲಿ ಇನ್ನೊಂದು ಹೆಸರಿತ್ತು: ಜಿಗಣೆ. ಕಚ್ಚಿದರೆ ಬಿಡುವವಳಲ್ಲ ಎಂಬ ಹೊಗಳಿಕೆಯೂ, ಹತ್ತಿರ ಕೂರಿಸಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಅವಳೇನೂ ಬೇಸರಪಟ್ಟುಕೊಂಡಿರಲಿಲ್ಲ. ಅವಳಿಗೆ ಬೇಸರ ತರುತ್ತಿದ್ದದ್ದು ಬೇರೆ. ಜೊತೆಯಲ್ಲೇ ಕೆಲಸಕ್ಕೆ ಸೇರಿ, ಅವಳ ಹತ್ತಿರವೇ ವರದಿ ಬರೆಯುವುದನ್ನು ಕಲಿತವನೊಬ್ಬ ಈಗ ಅವಳ ಮೇಲಧಿಕಾರಿ. ಬೆಳಗ್ಗೆ ಫೋನ್ ಮಾಡಿ, "ಇನ್ನೂ ಆಗಿಲ್ವಾ?" ಅಂದಿದ್ದ. ಆ ಮಾತಿನ ಉರಿ ಇನ್ನೂ ಎದೆಯಲ್ಲಿ ಆರಿರಲಿಲ್ಲ. ಹಾಗಾಗಿ ಇವತ್ತು ಬೇರೆಯವರ ಹೊಟ್ಟೆಯುರಿ ಅವಳಿಗೆ ದೂರದಿಂದಲೇ ವಾಸನೆ ಹೊಡೆಯುತ್ತಿತ್ತು.

ಕೋಣೆಯ ಮೂಲೆಯಲ್ಲಿ ದಫೇದಾರ ಗಾಜಿನ ಕೊಳವೆಗಳಿಂದ ಆದಷ್ಟು ದೂರ, ಮೈ ಮುದುಡಿಕೊಂಡು ನಿಂತಿದ್ದ. ಬೆಳಗ್ಗೆಯೇ ಒಂದನ್ನು ಒಡೆದು ಹಾಕಿದ್ದ.

"ನನಗೆ ಇದರ ತಲೆಬುಡ ಗೊತ್ತಿಲ್ಲ," ಎಂದಳು ಜಿಗಣೆ. "ನಿಮ್ಮ ತಂಗಿ ಏನು ಕಂಡುಹಿಡಿದಿದ್ದು? ಅದನ್ನ ಮೊದಲು ಹೇಳಿ."

ಅಕ್ಕನ ಹುಬ್ಬು ಕೊಂಚ ಮೇಲೇರಿತು. ನಲವತ್ತರ ಆಸುಪಾಸಿನ ಹೆಂಗಸು. ಬಿಳಿ ಕೋಟು, ಹಿಂದಕ್ಕೆ ಎಳೆದು ಬಿಗಿದು ಕಟ್ಟಿದ ಕೂದಲು. ಪಾಠ ಹೇಳುವುದು ಅಭ್ಯಾಸವಾಗಿದ್ದವಳು. ಕೇಳಿದರೆ ಹೇಳದೆ ಇರಲಾರಳು.

"ಗಿಡದ ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ಗೋಡೆ ಇರುತ್ತೆ. ಆ ಗೋಡೆಯಲ್ಲಿ ಪ್ರೋಟೀನುಗಳಿರ್ತವೆ. ಆದರೆ ಬರೀ ಪ್ರೋಟೀನಿನಿಂದ ಏನೂ ಆಗಲ್ಲ. ಅದರ ಮೈತುಂಬ ಸಕ್ಕರೆ ಅಂಟಬೇಕು. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಕ್ಕರೆ ಸರ."

"ಕಾಫಿಗೆ ಹಾಕೋ ಸಕ್ಕರೇನಾ?" ದಫೇದಾರನಿಗೆ ತಡೆಯಲಾಗಲಿಲ್ಲ.

"ಅದರ ದೂರದ ನೆಂಟರು," ಎಂದಳು ಅಕ್ಕ, ನಗದೆ. "ಸಕ್ಕರೆ ಅಂಟಿದ ಮೇಲೇ ಪ್ರೋಟೀನಿಗೆ ಒಂದು ಆಕಾರ, ಒಂದು ಬಿಗಿ. ಪಕ್ಕದ್ದರ ಜೊತೆ ಹೆಣೆದುಕೊಳ್ಳುತ್ತೆ. ಗೋಡೆ ಗಟ್ಟಿಯಾಗುತ್ತೆ, ಬೇಕಾದಾಗ ಹಿಗ್ಗುತ್ತೆ, ಬೇರು ಉದ್ದ ಆಗುತ್ತೆ. ಈ ಸಕ್ಕರೆ ತಾನಾಗೇ ಬಂದು ಕೂರಲ್ಲ. ಅಂಟಿಸೋಕೆ ಕಿಣ್ವ ಬೇಕು. ಅಂಥ ಒಂದು ಕಿಣ್ವ ಯಾವುದು ಅಂತ ಅವಳು ಕಂಡುಹಿಡಿದಳು. ಅದಿಲ್ಲದ ಗಿಡ ಬೆಳೆಸಿದಳು. ಸಕ್ಕರೆ ಇಲ್ಲದ ಗಿಡ. ಅದರ ಬೇರು ಕುಳ್ಳಗಿರುತ್ತೆ, ಕಾಂಡ ಬಗ್ಗಿಹೋಗುತ್ತೆ. ಅದೇ ಕಿಣ್ವ ಜಾಸ್ತಿ ಇದ್ದರೆ ಗಾಳಿಗೆ ಮಲಗದ ಪೈರು ಬರಬಹುದು ಅಂತ ಅವಳ ಲೆಕ್ಕ. ಬರೋ ವಾರ ಎಲ್ಲರ ಮುಂದೆ ತೋರಿಸೋದಿತ್ತು."

"ಅವಳ ಲೆಕ್ಕ," ಎಂದಳು ಜಿಗಣೆ.

"ಹೂಂ. ಅವಳದೇ." ಅಕ್ಕ ಕೊಂಚ ತಡೆದಳು. "ಪ್ರವೇಶದ್ವಾರದಲ್ಲೇ ಅವಳ ಫೋಟೋ ನೋಡಿರ್ತೀರಲ್ಲ. ಬಾಗಿಲು ತೆಗೆದವರಿಗೆಲ್ಲ ಮೊದಲು ಅವಳ ಹಲ್ಲು ಕಾಣಿಸಬೇಕು ಅಂತ ಯಜಮಾನರೇ ಹಾಕಿಸಿದ್ದು."

ಯಜಮಾನರೆಂದರೆ ಪ್ರಯೋಗಾಲಯದ ಮುಖ್ಯಸ್ಥರು. ನಿನ್ನೆ ಇಡೀ ದಿನ ಅವರು ಬೇರೆ ಊರಿನ ಸಭೆಯಲ್ಲಿದ್ದರು, ನೂರಾರು ಜನರ ಕಣ್ಣೆದುರು. ಅವರ ಮೇಲಿನ ಅನುಮಾನ ಜಿಗಣೆ ಬೆಳಗ್ಗೆಯೇ ಕೈಬಿಟ್ಟಿದ್ದಳು.

"ನನಗೂ ಒಬ್ಬಳು ತಂಗಿ ಇದ್ದಾಳೆ," ಎಂದಳು ಜಿಗಣೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ. "ಮನೆಯಲ್ಲಿ ಎಲ್ಲರಿಗೂ ಅವಳೇ ಮುದ್ದು. ನಾನು ಮಾಡಿದ ಅಡುಗೆ ಅವಳು ಬಡಿಸಿದರೆ, ಚೆನ್ನಾಗಿದೆ ಮಗಳೇ ಅಂತ ಅವಳಿಗೇ ಹೇಳ್ತಿದ್ರು."

ಮೂಲೆಯಲ್ಲಿ ದಫೇದಾರ ಬಾಯಿ ತೆರೆದು, ಮುಚ್ಚಿದ. ಜಿಗಣೆ ತಂದೆ ತಾಯಿಗೆ ಒಬ್ಬಳೇ ಮಗಳು ಎಂಬುದು ಅವನಿಗೆ ಗೊತ್ತಿತ್ತು.

ಆದರೆ ಅಕ್ಕ ಮೊದಲ ಸಲ ಜಿಗಣೆಯ ಮುಖವನ್ನು ನೇರವಾಗಿ ನೋಡಿದಳು.

"ಅವಳನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೇ ನಾನು," ಎಂದಳು. "ಚಿಮಟ ಹಿಡಿಯೋದು ಹೇಗೆ ಅಂತ ಹೇಳಿಕೊಟ್ಟವಳು ನಾನು. ಬೀಜ ತೊಳೆಯೋದು, ಬಿತ್ತೋದು, ಎಲ್ಲಾ. ಆ ಸಕ್ಕರೆ ಹಿಂದೆ ನಾನು ವರ್ಷಗಟ್ಟಲೆ ಬಿದ್ದಿದ್ದೆ. ಅವಳು ಬಂದಳು, ನಾನು ಬೇಡ ಅಂತ ಪಕ್ಕಕ್ಕಿಟ್ಟಿದ್ದ ಬೀಜ ತಗೊಂಡಳು, ಅದರಲ್ಲೇ ಸಿಕ್ಕಿಬಿಡ್ತು. ನಾನು ಬಿಸಾಕಿದ್ದರಲ್ಲಿ!"

"ಹೊಟ್ಟೆ ಉರೀಲಿಲ್ವಾ?"

"ಖುಷಿಯಾಯ್ತು. ತಂಗಿ ಅಲ್ವಾ."

"ಕೋಟಿನ ತೋಳು ಸ್ವಲ್ಪ ತೋರಿಸ್ತೀರಾ?"

ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. ತಡವಾಗಿತ್ತು. ಬಲತೋಳಿನ ಅಂಚಿನ ಒಳಮಡಿಕೆಯಲ್ಲಿ, ತೊಳೆದರೂ ಹೋಗದೆ ಮಸುಕಾಗಿ ಉಳಿದ ಒಂದು ಗೆರೆಯಿತ್ತು. ಇಟ್ಟಿಗೆ ಕೆಂಪು.

ಪಕ್ಕದ ಕೋಣೆಯಲ್ಲಿ ಬೀಜಗಳನ್ನಿಟ್ಟ ಶೀತಲಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

"ಈ ಬಣ್ಣ ಅಂಗಡಿಯಿಂದ ತರಿಸಿದ್ದಲ್ಲವಂತೆ," ಎಂದಳು ಜಿಗಣೆ. "ಇಲ್ಲಿ ಅದನ್ನ ತಯಾರಿಸೋಕೆ ಬರೋದು ಒಬ್ಬರಿಗೇ ಅಂತ ಯಜಮಾನರು ಹೇಳಿದ್ರು. ಅದು ಏನು ಮಾಡುತ್ತೆ?"

ಅಕ್ಕ ತೋಳು ಮಡಿಚಿ ಗೆರೆಯನ್ನು ಮರೆಮಾಡಿದಳು.

"ಸಕ್ಕರೆ ಹೊದ್ದ ಪ್ರೋಟೀನನ್ನ ಹುಡುಕಿ ಹಿಡಿಯುತ್ತೆ. ಹಿಡಿದರೆ ಬಿಡಲ್ಲ. ಬೇರು ಕೆಂಪಗಾಗುತ್ತೆ, ಬೆಳೆಯೋದು ನಿಲ್ಲುತ್ತೆ."

"ಅಂದ್ರೆ ಎಲ್ಲಾ ಸರಿಯಿರೋ ಗಿಡದ ಬೇರೂ ಕುಳ್ಳಗಾಗುತ್ತೆ. ಸಕ್ಕರೆ ಇಲ್ಲದ ಗಿಡದ ಹಾಗೆ. ಎರಡು ತಟ್ಟೆ ಪಕ್ಕಪಕ್ಕ ಇಟ್ಟು ತೋರಿಸಿದರೆ ವ್ಯತ್ಯಾಸವೇ ಇರಲ್ಲ. ಏನಮ್ಮಾ ನಿನ್ನ ಶೋಧನೆ ಅಂತ ಜನ ನಗ್ತಾರೆ."

ಅಕ್ಕ ತಟ್ಟೆಯನ್ನು ದೂರ ತಳ್ಳಿದಳು. ಆಮೇಲೆ ಒಮ್ಮೆಲೇ ಕಟ್ಟೆ ಒಡೆಯಿತು.

"ಹೌದು, ನಾನೇ ಹಾಕಿದ್ದು! ಮೊನ್ನೆ ಸಂಜೆ ಎಲ್ಲರೂ ಹೋದ ಮೇಲೆ ಅವಳ ತಟ್ಟೆಗಳಿಗೆಲ್ಲ ಬೆರೆಸಿದೆ. ಅವಳು ಒಂದೇ ಒಂದು ಸಲ ಎಲ್ಲರೆದುರು ತಡವರಿಸಬೇಕಿತ್ತು. ಒಂದೇ ಸಲ! ಚಿಕ್ಕವಳಿದ್ದಾಗಿಂದ ಅವಳು ಎಡವಿದ್ದನ್ನ ನಾನು ನೋಡಿಲ್ಲ. ಅವಳು ಸೋಲಲಿ ಅಂತ ಹಾಕಿದೆ ಮೇಡಂ, ಸಾಯಲಿ ಅಂತ ಅಲ್ಲ. ಅನಿಲ ನಾನು ಮುಟ್ಟಿಲ್ಲ. ನನ್ನ ತಾಯಾಣೆಗೂ ಮುಟ್ಟಿಲ್ಲ."

"ಬರೀ ಶೋಧನೆಗೆ ಇಷ್ಟು ಉರಿಯಾ?"

ಅಕ್ಕ ನಕ್ಕಳು. ಆ ನಗುವಿನಲ್ಲಿ ನಗುವಿರಲಿಲ್ಲ.

"ಲೆನ್ಸನ್ನ ನೋಡಿದ್ದೀರಲ್ಲ."

ಲೆನ್ಸು ಎಂದರೆ ಪ್ರಯೋಗಾಲಯದ ಸೂಕ್ಷ್ಮದರ್ಶಕ ನೋಡಿಕೊಳ್ಳುವವನು, ತಂಗಿಯ ಗಂಡ. ನಿನ್ನೆಯಿಂದ ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ ತೆಳ್ಳಗಿನ ಮನುಷ್ಯ. ಜಿಗಣೆ ಅವನಿಗೆ ನೀರು ತರಿಸಿಕೊಟ್ಟಿದ್ದಳು.

"ಅವಳು ಇಲ್ಲಿಗೆ ಬರೋ ಮುಂಚೆ ಅವನು ದಿನಾ ಸಂಜೆ ನನ್ನನ್ನ ಸ್ಕೂಟರಿನಲ್ಲಿ ಮನೆಗೆ ಬಿಡ್ತಿದ್ದ. ನನ್ನ ಮೇಜಿನ ಮೇಲೆ ಟೀ ತಂದಿಡ್ತಿದ್ದ, ಸಕ್ಕರೆ ಎಷ್ಟು ಅಂತ ಕೇಳದೆ. ಬಾಯಿಬಿಟ್ಟು ಅವನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೆ. ಅವಳು ಬಂದಳು, ನಕ್ಕಳು, ಆಯ್ತು. ಮದುವೆಯಾದ ಮಾರನೇ ದಿನ ಅವನು ನನ್ನನ್ನ ಏನಂತ ಕರೆದ ಗೊತ್ತಾ? ಅಕ್ಕಾ ಅಂದ. ಟೀ ಆಯ್ತಾ ಅಕ್ಕಾ ಅಂದ."

ದಫೇದಾರ ತನ್ನ ಬೂಟಿನ ತುದಿಯನ್ನು ಶ್ರದ್ಧೆಯಿಂದ ನೋಡತೊಡಗಿದ.

"ಅವನಿಗೆ ಅವಳ ಮೇಲೆ ಏನಾದರೂ..." ಎಂದು ಜಿಗಣೆ ಶುರು ಮಾಡುವಷ್ಟರಲ್ಲೇ ಅಕ್ಕ ತಡೆದಳು.

"ಅವನು ಅಂಥವನಲ್ಲ. ಅವಳ ಶೋಧನೆಯ ಚಿತ್ರಗಳನ್ನೆಲ್ಲ ತೆಗೆದಿದ್ದು ಅವನು. ಕಣ್ಣು ಕೆಂಪಗಾಗೋ ತನಕ ಆ ಯಂತ್ರದ ಮುಂದೆ ಕೂತಿದ್ದ. ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಒಂದು ಮಾತು ಆಡಿದವನಲ್ಲ, ಪಾಪ."

ಕೇಳುವ ಮೊದಲೇ ಅವನ ಪರವಾಗಿ ಮಾತು ಬಂದದ್ದನ್ನು ಜಿಗಣೆ ಗಮನಿಸಿದಳು. ಆದರೆ ಅದನ್ನು ಎತ್ತಲಿಲ್ಲ. ಚೀಲದಿಂದ ಇನ್ನೊಂದು ತಟ್ಟೆ ತೆಗೆದು ಮೊದಲನೆಯದರ ಪಕ್ಕಕ್ಕಿಟ್ಟಳು.

"ಮೊದಲು ತೋರಿಸಿದ್ದು ಮಾಮೂಲಿ ಗಿಡ. ಇದು ಸಕ್ಕರೆ ಇಲ್ಲದ್ದು. ಮುಚ್ಚಳದ ಮೇಲೆ ನಿಮ್ಮ ತಂಗಿಯೇ ಗುರುತು ಹಾಕಿದ್ದಾಳೆ. ನನಗೆ ಎರಡೂ ಒಂದೇ ಥರ ಕಾಣ್ತಿದೆ. ನಿಮಗೆ?"

ಅಕ್ಕ ಅಸಡ್ಡೆಯಿಂದ ಕಣ್ಣು ಹಾಯಿಸಿದಳು.

ಮರುಕ್ಷಣ ತಟ್ಟೆಯನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ಹಿಡಿದಳು.

"ಸಾಧ್ಯವಿಲ್ಲ."

"ಏನು?"

"ಇದು ಕೆಂಪಗಾಗೋ ಹಾಗಿಲ್ಲ! ಸಕ್ಕರೆಯೇ ಇಲ್ಲದ ಮೇಲೆ ಬಣ್ಣ ಏನನ್ನ ಹಿಡಿಯುತ್ತೆ? ಅಲ್ಲೊಂದು ಇಲ್ಲೊಂದು ಚೂರು ಅಂಟಬಹುದು, ಅಷ್ಟೇ. ಈ ಬೇರು ಬೆಳ್ಳಗೇ ಇರಬೇಕಿತ್ತು."

"ಹಾಗಾದ್ರೆ?"

ಅಕ್ಕನ ಮುಖದಲ್ಲಿ ಆಗ ಒಂದು ಬೆಳಕು ಮೂಡಿತು. ಜಿಗಣೆ ಅದನ್ನು ಕಣ್ಣಾರೆ ಕಂಡಳು. ಆಮೇಲೆ ಎಷ್ಟೋ ಸಲ ಅದನ್ನು ನೆನೆಸಿಕೊಂಡಳು. ತುಟಿಯ ಅಂಚು ಮೇಲಕ್ಕೆದ್ದಿತ್ತು.

"ಹಾಗಾದ್ರೆ ಅವಳ ಶೋಧನೆ ಸುಳ್ಳು," ಎಂದಳು ಪಿಸುದನಿಯಲ್ಲಿ. "ಎಲ್ಲಾ ಸುಳ್ಳು. ಅವಳಿಗೆ ಏನೂ ಸಿಕ್ಕೇ ಇಲ್ಲ."

ಒಂದು ಉಸಿರಿನಷ್ಟು ಹೊತ್ತು ಆ ಸಂತೋಷ ನಿಂತಿತು. ಆಸ್ಪತ್ರೆಯಲ್ಲಿ ಮಲಗಿರುವ ತಂಗಿಯನ್ನೂ ಅದು ಮರೆಸಿತ್ತು. ನಂತರ ಅಕ್ಕನೊಳಗಿನ ವಿಜ್ಞಾನಿ ತಲೆಯೆತ್ತಿದಳು. ಅವಳು ತಾನೇ ಮೆಲ್ಲನೆ ತಲೆಯಾಡಿಸಿದಳು.

"ಇಲ್ಲ... ಹಾಗಲ್ಲ. ಹೋದ ತಿಂಗಳು ಇದೇ ಗಿಡಗಳಿಗೆ ನಾನೇ ಬಣ್ಣ ಹಾಕಿ ನೋಡಿದ್ದೆ. ಅವಳ ತಪ್ಪು ಹಿಡಿಯೋಣ ಅಂತಲೇ ಹಾಕಿದ್ದೆ. ಬೆಳ್ಳಗೇ ಉಳಿದಿದ್ದವು. ಆವತ್ತು ರಾತ್ರಿ ಊಟ ಸೇರಿರಲಿಲ್ಲ ನನಗೆ." ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಇವು ಅವಳ ಗಿಡಗಳೇ ಅಲ್ಲ. ಯಾರೋ ಬೀಜವನ್ನೇ ಬದಲಾಯಿಸಿದ್ದಾರೆ."

"ಬದಲಾಯಿಸಿದ್ರೆ ಅವಳಿಗೆ ಗೊತ್ತಾಗ್ತಿರಲಿಲ್ವಾ?"

"ಮೊಳಕೆ ಇಷ್ಟು ಚಿಕ್ಕದಿದ್ದಾಗ ಎರಡೂ ಒಂದೇ ಥರ. ಬೇರು ಇಳಿಯೋ ತನಕ ಯಾರಿಗೂ ತಿಳಿಯಲ್ಲ. ಅಷ್ಟರಲ್ಲಿ ನಿಜವಾದ್ದನ್ನ ಎಲ್ಲಿಗೆ ಬೇಕಾದ್ರೂ ಸಾಗಿಸಬಹುದು. ಕದ್ದವನ ಲೆಕ್ಕ ಅದೇ ಇರಬೇಕು."

"ಆದರೆ ನಡುವೆ ನೀವು ಬಣ್ಣ ಹಾಕಿಬಿಟ್ಟಿರಿ."

ಅಕ್ಕ ಕುಸಿದು ಕೂತಳು.

ಉಳಿದದ್ದನ್ನು ಹೇಳಬೇಕಾಗಿರಲಿಲ್ಲ. ನಿನ್ನೆ ತಂಗಿ ಗಿಡಕೋಣೆಗೆ ಹೋಗಿದ್ದಳು. ಬೇರುಗಳು ಕೆಂಪಗಿದ್ದವು. ಅಕ್ಕನ ಕಿತಾಪತಿ ಎಂದು ಅವಳಿಗೆ ಕೂಡಲೇ ಹೊಳೆದಿರಬೇಕು. ಬಣ್ಣ ಯಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಎರಡನೆಯ ತಟ್ಟೆಯೂ ಕೆಂಪಗಿತ್ತು. ಅದನ್ನು ಕಂಡ ಕೂಡಲೇ ತನ್ನ ಗಿಡಗಳು ಕಳುವಾಗಿವೆ ಎಂದೂ ಗೊತ್ತಾಗಿತ್ತು. ಅವಳಿಗೆ ಗೊತ್ತಾಯಿತೆಂಬುದು ಕದ್ದವರಿಗೂ ಗೊತ್ತಾಗಿತ್ತು.

"ಇಂಥದ್ದು ಕಂಡರೆ ನಿಮ್ಮ ತಂಗಿ ಮೊದಲು ಯಾರಿಗೆ ಹೇಳ್ತಾಳೆ?"

"ನನಗೆ." ಅಕ್ಕನ ಬಾಯಿಂದ ಅದು ತಾನಾಗಿ ಬಂತು. "ಕಾಲಿಗೆ ಮುಳ್ಳು ಚುಚ್ಚಿದ್ರೂ ಮೊದಲು ನನ್ನ ಹತ್ರ ಬರ್ತಿದ್ದಳು, ಅಮ್ಮನ ಹತ್ರ ಅಲ್ಲ."

"ಬಂದಳಲ್ಲ. ನಿನ್ನೆ ಅವಳು ಕೊನೆಗೆ ಫೋನ್ ಮಾಡಿದ್ದು ನಿಮಗೆ. ನೀವು ಎತ್ತಲಿಲ್ಲ."

ಅಕ್ಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ತುಂಡು ತುಂಡಾಗಿ ಬಂತು.

"ಊಟ ಮಾಡ್ತಿದ್ದೆ. ಅವಳ ಹೆಸರು ಬಂತು. ಬೈಯೋಕೆ ಮಾಡ್ತಿದ್ದಾಳೆ ಅಂದ್ಕೊಂಡೆ. ಇನ್ನೂ ಸ್ವಲ್ಪ ಒದ್ದಾಡಲಿ ಅಂತ ಫೋನನ್ನ ಮಗುಚಿಟ್ಟು ಮೊಸರನ್ನ ತಿಂದೆ ಮೇಡಂ. ರುಚಿಯಾಗಿತ್ತು ಅದು. ಅವಳು ಅಲ್ಲಿ ಉಸಿರು ಕಟ್ಟಿ ಬೀಳ್ತಿದ್ದಳು, ನನಗೆ ಮೊಸರನ್ನ ರುಚಿಯಾಗಿತ್ತು."

ಅಳು ಇಳಿದ ಮೇಲೆ ಜಿಗಣೆ ಕೇಳಿದಳು. "ಆ ಬೀಜ ಇಟ್ಟಿರೋ ಪೆಟ್ಟಿಗೆಯ ಬೀಗದ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ. ಅವಳ ಹತ್ರ. ಯಜಮಾನರ ಹತ್ರ. ಬೇರೆ ಯಾರ ಹತ್ರಾನೂ..."

ಬಾಗಿಲು ದಡಾರನೆ ತೆರೆದುಕೊಂಡಿತು.

ಲೆನ್ಸು ನಿಂತಿದ್ದ. ಏದುಸಿರು ಬಿಡುತ್ತಿದ್ದ. ನಿನ್ನೆಯಿಂದ ಬದಲಾಯಿಸದ ಅಂಗಿ, ಕೆದರಿದ ಕೂದಲು, ಒದ್ದೆ ಕಣ್ಣು. ಒಂದು ಕೈಯಲ್ಲಿ ಎರಡು ಹೆಲ್ಮೆಟ್.

"ಕಣ್ಣು ಬಿಟ್ಟಳು!" ಎಂದ. "ಈಗಷ್ಟೇ. ನಿನ್ನನ್ನೇ ಕೇಳ್ತಿದ್ದಾಳೆ. ಬಾ, ಬೇಗ ಬಾ."

ಅಕ್ಕ ಎದ್ದು ನಿಂತಳು. ಅವನು ಚಾಚಿದ ಹೆಲ್ಮೆಟನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಮುಖಕ್ಕೆ ರಕ್ತ ನುಗ್ಗಿತು. ಆಮೇಲೆ, ಅಪ್ಪಣೆ ಕೇಳುವ ಮಗುವಿನ ಹಾಗೆ ಜಿಗಣೆಯ ಕಡೆ ತಿರುಗಿದಳು.

"ಹೋಗಿ," ಎಂದಳು ಜಿಗಣೆ. "ನಾವು ಹಿಂದೆಯೇ ಬರ್ತೀವಿ. ತಂಗಿಗೆ ಈಗ ಏನೂ ಹೇಳೋಕೆ ಹೋಗಬೇಡಿ. ನಾನು ಬರೋ ತನಕ ಪಕ್ಕದಲ್ಲಿ ಕೂತಿರಿ."

ಇಬ್ಬರ ಹೆಜ್ಜೆಗಳೂ ಮೆಟ್ಟಿಲಿಳಿದು ಹೋದವು. ದಫೇದಾರ ಗೋಡೆಯಿಂದ ಮೈ ಬಿಡಿಸಿಕೊಂಡ.

"ಅಲ್ಲಾ ಮೇಡಂ, ನಿಮಗೆ ತಂಗಿ ಎಲ್ಲಿದ್ದಾಳೆ?"

"ಈ ಕೇಸಿನ ಮಟ್ಟಿಗೆ ಇದ್ದಾಳೆ. ತಟ್ಟೆ ಎತ್ತಿಕೊಳ್ಳಿ, ಬೀಳಿಸಬೇಡಿ."

ಜಿಗಣೆಗೆ ಮನಸ್ಸು ಹಗುರಾಗಿತ್ತು. ತಂಗಿ ಬಾಯಿಬಿಟ್ಟರೆ ಇವತ್ತೇ ಎಲ್ಲಾ ಮುಗಿಯುತ್ತದೆ. ಮೇಲಧಿಕಾರಿಗೆ ತಾನೇ ಫೋನ್ ಮಾಡಿ, "ಆಯ್ತು ಸಾರ್," ಎನ್ನಬಹುದು. ಆ ಸಾರ್ ಎಂಬುದನ್ನು ಎಷ್ಟು ಎಳೆಯಬೇಕು ಎಂದೂ ಯೋಚಿಸಿದ್ದಳು. ಅದಕ್ಕೆ ಮುಂಚೆ ರೋಗಿಯ ಹತ್ತಿರ ಬೇರೆ ಯಾರನ್ನೂ ಬಿಡಬೇಡಿ ಎಂದು ಹೇಳಲು ವಾರ್ಡಿಗೆ ಫೋನ್ ಹಚ್ಚಿದಳು.

ನರ್ಸ್ ಸಾವಧಾನವಾಗಿ ಎಲ್ಲವನ್ನೂ ಕೇಳಿಸಿಕೊಂಡಳು.

"ಕಣ್ಣು ಬಿಟ್ಟಿದ್ದಾರಾ? ಯಾರು ಹೇಳಿದ್ದು ನಿಮಗೆ?" ಎಂದಳು. "ನಾನು ಪಕ್ಕದಲ್ಲೇ ನಿಂತಿದ್ದೀನಿ ಮೇಡಂ. ಪೇಷೆಂಟ್ ನಿನ್ನೆ ಹೇಗಿದ್ರೋ ಹಾಗೇ ಇದ್ದಾರೆ. ಇನ್ನೂ ಎಚ್ಚರ ಬಂದಿಲ್ಲ."

ನಿಂತಲ್ಲೇ ಜಿಗಣೆಗೆ ಬೀಗದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಹೆಂಡತಿಯ ಚೀಲದಲ್ಲಿರುವ ಕೀಲಿ ಗಂಡನ ಕೈಗೆ ಸಿಗುವುದು ಎಷ್ಟು ಹೊತ್ತಿನ ಕೆಲಸ? ಇನ್ನೊಂದೂ ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮದುವೆಯಾದಾಗಿನಿಂದ ಅಕ್ಕಾ ಎನ್ನುತ್ತಿದ್ದವನು ಈಗ ಬಾ ಅಂದಿದ್ದ. ನಿನ್ನನ್ನೇ ಅಂದಿದ್ದ.

ಅವಳು ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದಳು. ದಫೇದಾರ ತಟ್ಟೆಗಳನ್ನು ಎದೆಗೆ ಅವಚಿಕೊಂಡು ಹಿಂದೆಯೇ ಓಡಿದ. ಅಂಗಳ ಖಾಲಿ. ಬಿಸಿಲಿನಲ್ಲಿ ಸ್ಕೂಟರಿನ ಹೊಗೆಯ ವಾಸನೆ ಮಾತ್ರ ಉಳಿದಿತ್ತು.

"ಯಾವ ಕಡೆ ಹೋದ್ರು?" ಕೂಗಿದಳು ಗೇಟಿನ ಕಾವಲುಗಾರನಿಗೆ.

"ಎಡಕ್ಕೆ ಮೇಡಂ. ಆಸ್ಪತ್ರೆ ಬಲಕ್ಕೆ ಅಂತ ನಾನೂ ಕೂಗಿದೆ. ಅವರು ತಿರುಗಿ ನೋಡಲಿಲ್ಲ."

ಜಿಗಣೆ ಜೀಪಿನ ಕಡೆ ಓಡುತ್ತಲೇ ಅಕ್ಕನ ನಂಬರ್ ಒತ್ತಿದಳು. ಎತ್ತುವುದಿಲ್ಲ ಎಂದುಕೊಂಡಿದ್ದಳು. ಅಕ್ಕ ಕೂಡಲೇ ಎತ್ತಿದಳು. ಕಿವಿತುಂಬ ಗಾಳಿಯ ಸದ್ದು.

"ಸರಿಯಾಗಿ ಕೇಳಿಸಿಕೊಳ್ಳಿ," ಎಂದಳು ಜಿಗಣೆ. "ನಿಮ್ಮ ತಂಗಿಗೆ ಎಚ್ಚರ ಬಂದಿಲ್ಲ. ಅವನು ಸುಳ್ಳು ಹೇಳಿದ್ದಾನೆ. ಎಲ್ಲಾದರೂ ಗಾಡಿ ನಿಧಾನ ಆದ ತಕ್ಷಣ ಇಳಿದುಬಿಡಿ. ಜನ ಇರೋ ಕಡೆ ಓಡಿ."

"ಗೊತ್ತು ಮೇಡಂ. ಗೇಟಿನಲ್ಲೇ ಗೊತ್ತಾಯ್ತು."

"ಗೊತ್ತಾ? ಹಾಗಾದ್ರೆ ಇಳೀರಿ! ಅವನು ನಿಮ್ಮನ್ನ ಏನು ಮಾಡ್ತಾನೆ ಅಂತ..."

"ಇಳಿಯಲ್ಲ."

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಮುಖ ಮುಚ್ಚಿಕೊಂಡು ಅತ್ತವಳ ದನಿ ಅದಲ್ಲ. ಅದಕ್ಕೆ ಹತ್ತು ವರ್ಷ ಕಡಿಮೆಯಾದ ಹಾಗಿತ್ತು.

"ಅವನು ನನ್ನನ್ನ ಕರೆದಿದ್ದಾನೆ ಮೇಡಂ," ಎಂದಳು ಅಕ್ಕ. "ಅವಳನ್ನಲ್ಲ."